ಬೂತಿಗೆ ಜಾಗ ಹುಡುಕಲು ಹೋಗಿ

ಎಲೆಕ್ಷನ್ ಬಂತೆಂದರೆ ನನ್ನ ಮಾನ ಹೋಗುವುದಕ್ಕೆ ಕಾರಣ ಹುಡುಕಬೇಕಾಗಿಲ್ಲ, ಅದೇ ಬಾಗಿಲು ತಟ್ಟುತ್ತೆ. ನಾನು ಪಾಲಿಕೆಯ ರೆವಿನ್ಯೂ ಇನ್‌ಸ್ಪೆಕ್ಟರು. ಈ ಸಲ ಬಸವನಗುಡಿಯಲ್ಲಿ ಹಳೇ ಬೂತಿದ್ದ ಶಾಲೆ ರಿಪೇರಿಗೆ ಬಿತ್ತು. ಸಾಹೇಬರು ಕರೆದು, "ಶನಿವಾರದೊಳಗೆ ಬೇರೆ ಜಾಗ ತೋರಿಸಿ, ಇಲ್ಲಾಂದ್ರೆ ನಿಮ್ಮನ್ನೇ ಎತ್ತಂಗಡಿ ಮಾಡ್ತೀನಿ" ಅಂದರು.

೧. ಬೈಟು ಕಾಫಿ

ವಾರ್ಡಿನಲ್ಲಿ ಎರಡು ಪಕ್ಷ, ಇಬ್ಬರು ಮುಖಂಡರು: ಒಬ್ಬರದು ಬಟ್ಟೆ ಅಂಗಡಿ, ಇನ್ನೊಬ್ಬರದು ಸೈಟು ವ್ಯಾಪಾರ. ಬಟ್ಟೆ ಅಂಗಡಿಯವರು ಕಲ್ಯಾಣ ಮಂಟಪ ನೋಡಿ, ಫ್ಯಾನು ಕೂಡ ಇದೆ ಅಂದರು. ಅದು ಅವರ ಭಾವಮೈದುನನದ್ದು. ಸೈಟು ವ್ಯಾಪಾರದವರು ವ್ಯಾಯಾಮಶಾಲೆ ನೋಡಿ ಅಂದರು. ಅದಕ್ಕೆ ಅವರೇ ಅಧ್ಯಕ್ಷರು. ನಾನು ಮಹಾ ನಿಷ್ಪಕ್ಷಪಾತಿ ನೋಡಿ, ಇಬ್ಬರನ್ನೂ ದರ್ಶಿನಿಗೆ ಕರೆದು ಬೈಟು ಹೇಳಿದೆ. ಒಂದು ಕಾಫಿ ಎರಡು ಲೋಟಕ್ಕೆ ಬಂತು. ಯಾರದರಲ್ಲಿ ಜಾಸ್ತಿ ಇದೆ ಅಂತ ಇಬ್ಬರೂ ಬಗ್ಗಿ ಬಗ್ಗಿ ನೋಡುತ್ತ ನಿಂತರು. ಆರಿದ ಮೇಲೆ ಎರಡನ್ನೂ ನಾನೇ ಕುಡಿದೆ.

೨. ಬೋರ್ಡು

ಮತಗಟ್ಟೆ ಹತ್ತಿರ ಪಕ್ಷದ ಕಚೇರಿ ಇರಬಾರದು ಅಂತ ನಿಯಮ. ಅದನ್ನು ಇಬ್ಬರಿಗೂ ವಿವರಿಸಿದ ಮಹಾ ಬುದ್ಧಿವಂತ ನಾನೇ. ಅಲ್ಲಿಂದ ನಾನು ಯಾವ ಕಟ್ಟಡ ನೋಡಿದರೂ, ಬೆಳಗಾಗುವಷ್ಟರಲ್ಲಿ ಪಕ್ಕದ ಮನೆಗೆ ಒಂದು ಪಕ್ಷದ ಬೋರ್ಡು. ನಮ್ಮ ಜಾಗ ಆಗದಿದ್ದರೆ ಯಾವ ಜಾಗವೂ ಆಗಬಾರದು ಅನ್ನುವ ಉಪಾಯ. ಒಂದು ಮಧ್ಯಾಹ್ನ ಬಿಸಿಲು ತಾಳದೆ ಹಲ್ಲಿನ ಡಾಕ್ಟರ ಕ್ಲಿನಿಕ್ ಮುಂದೆ ನೆರಳಿಗೆ ನಿಂತೆ. ಅಲ್ಲಿಗೂ ಬೋರ್ಡು ಬಂತು. ಡಾಕ್ಟರು ಇವತ್ತಿಗೂ ನನ್ನ ಹಲ್ಲು ಮುಟ್ಟಲ್ಲ.

೩. ಸಂಸಾರ

ಗುಟ್ಟಾಗಿ ಹುಡುಕೋಣ ಅಂತ, ಬಾಡಿಗೆ ಮನೆ ನೋಡುವವನ ಹಾಗೆ ಅಲೆದೆ. ಎಷ್ಟು ಜನ ಇರ್ತೀರಿ ಅಂತ ಬ್ರೋಕರು ಕೇಳಿದ. ನಾನೊಬ್ಬನೇ ಅಂದುಬಿಟ್ಟೆ. ಸಂಜೆಯೊಳಗೆ ನಾನು ಹೆಂಡತಿಯನ್ನು ಬಿಡ್ತಿದೀನಿ ಅಂತ ಗಾಂಧಿ ಬಜಾರಿನ ತುಂಬ ಗುಲ್ಲು. ಜಾಗವೇನೋ ಸಿಕ್ಕಿತ್ತು, ಹೆಂಡತಿಗೆ ಬಿಟ್ಟು ಯಾರಿಗೂ ಹೇಳಿರಲಿಲ್ಲ.

ಶುಕ್ರವಾರ ಮುಖಂಡರಿಬ್ಬರೂ ಮನೆಗೆ ಬಂದರು. ಒಂದು ಕಾಫಿ ಹಂಚಿಕೊಳ್ಳದವರು ಒಂದೇ ಸೋಫಾದಲ್ಲಿ ಕೂತು, ಈ ವಯಸ್ಸಲ್ಲಿ ಇದೆಲ್ಲ ಬೇಡ ಅಂತ ನನಗೆ ಬುದ್ಧಿ ಹೇಳಿದರು. ನನ್ನ ಹೆಂಡತಿಗೆ ಅವಮಾನ ತಡೆಯಲಾಗಲಿಲ್ಲ.

"ಬೇರೆ ಮನೆ ಮಾಡೋ ಧೈರ್ಯ ಇವರಿಗೆಲ್ಲಿದೆ ಅಣ್ಣಾ? ಬೂತಿಗೆ ಜಾಗ ನೋಡ್ತಿದ್ರು ಅಷ್ಟೇ. ಪಾರ್ಕ್ ಹಿಂದಿನ ಸಂಗೀತ ಶಾಲೆ ಪಕ್ಕಾ ಆಗಿದೆ, ಬೇಕಾದ್ರೆ ಕೇಳಿ."

ಇಬ್ಬರೂ ಕೈಮುಗಿದು, ಚಪ್ಪಲಿ ಕೂಡ ಸರಿಯಾಗಿ ಮೆಟ್ಟದೆ ಓಡಿದರು.

ಬೆಳಿಗ್ಗೆ ಹಾಲು ತರಲು ಹೋದರೆ, ಸಂಗೀತ ಶಾಲೆಯ ಎಡಕ್ಕೊಂದು ಪಕ್ಷದ ಕಚೇರಿ, ಬಲಕ್ಕೊಂದು ಪಕ್ಷದ ಕಚೇರಿ, ಎರಡಕ್ಕೂ ಮಾವಿನ ತೋರಣ. ಇನ್ನು ನನ್ನ ಎತ್ತಂಗಡಿ ಗ್ಯಾರಂಟಿ ಅಂದುಕೊಂಡೆ. ಅಷ್ಟರಲ್ಲಿ ಮುಖಂಡರಿಬ್ಬರೂ ಬಂದು ನನ್ನ ಒಂದೊಂದು ಕೈ ಹಿಡಿದುಕೊಂಡರು.

"ಹತ್ತು ಗಂಟೆಗೆ ಆಫೀಸ್ ಪೂಜೆ ಸಾರ್, ದಂಪತಿ ಸಮೇತ ಬರಲೇಬೇಕು. ನಿಮ್ಮ ಸಂಸಾರ ಸರಿಹೋಯ್ತಲ್ಲ, ನಮಗದೇ ದೊಡ್ಡದು."