ತಂಬೂರಿಯಲ್ಲಿ ಇಸವಾಣ

ಹೆಂಡತಿಯ ಗಾಯನಕ್ಕೆ ನಾನೇ ತಂಬೂರಿ ಎಂದು ಘೋಷಿಸಿಬಿಟ್ಟೆ! ಘೋಷಣೆಗೆ ಖರ್ಚಿಲ್ಲ ನೋಡಿ.

ಕಾರವಾರದ ಕಡಲತೀರದಲ್ಲಿ ಕಲಾಮೇಳ. ಒಂದು ಮೂಲೆಯಲ್ಲಿ ಕವಿಗೋಷ್ಠಿ, ಇನ್ನೊಂದರಲ್ಲಿ ಸರ್ಕಸ್, ನಡುವೆ ಸಂಗೀತದ ವೇದಿಕೆ. ಅಲ್ಲಿ ನನ್ನವಳು, ಅಂದರೆ ಶಿರವಾಡ ಶಾಲೆಯ ಪ್ರೀತಿ ಅಕ್ಕೋರು, ಮೊದಲ ಬಾರಿಗೆ ಒಬ್ಬಳೇ ಕೂತು ಹಾಡಬೇಕು. ಇಷ್ಟು ವರ್ಷ ಶಾಲೆಯ ಪ್ರಾರ್ಥನೆ, ಯಾರದೋ ಮದುವೆಯ ಆರತಿ ಹಾಡು ಎಂದು ಅವಳ ದನಿ ಗುಂಪಿನಲ್ಲೇ ಕಳೆದುಹೋಗಿತ್ತು. ವಾರದಿಂದ ಹೆದರಿಕೆಗೆ ಅವಳಿಗೆ ಊಟ ಸೇರುತ್ತಿರಲಿಲ್ಲ.

"ಶ್ರುತಿಪೆಟ್ಟಿಗೆ ಒಯ್ಯೂದೇ ಚಲೋ," ಎಂದಳು.

"ಪೆಟ್ಟಿಗೆ ಎಂತಕ್ಕೆ ಮಾರಾಯ್ತಿ? ನನ್ನ ಮೊಬೈಲೊಳಗೆ ಆರು ತಂಬೂರಿ ಅದೆ!"

"ಹಾಡೂವಾಗ ಫೋನ್ ಬಂದ್ರೆ?"

"ನಾ ಪಕ್ಕದಲ್ಲೇ ಕೂತ್ಕಂಡಿರ್ತೆನಲ್ಲ!"

ಕೂತಿದ್ದೆ. ಅದೇ ತಪ್ಪಾದದ್ದು.

ಬರೀ ಮೊಬೈಲ್ ಇಟ್ಟರೆ ನನ್ನ ಘನತೆಗೆ ಸಾಲದೆಂದು ಅದರ ವಯರನ್ನು ಇಡೀ ಮೇಳದ ಸೌಂಡ್ ಬಾಕ್ಸಿಗೇ ಸಿಕ್ಕಿಸಿದ್ದೆ. ಜುಂಯ್ ಎಂದು ಶ್ರುತಿ ಹೊರಟಿತು. ಅರಬ್ಬಿ ಸಮುದ್ರವೇ ಷಡ್ಜ ಹಿಡಿದಂತೆ! ಪ್ರೀತಿ ಕಣ್ಣು ಮುಚ್ಚಿ ಆಲಾಪ ಶುರುಮಾಡಿದಳು. ಆಗ ಮೊಬೈಲ್ ನಡುಗಿತು. ನಮ್ಮ ಮೀನಿನ ಸೋಮಿ! ಬೋಟ್ ಬಂದೊಡನೆ ಖಾಯಂ ಗಿರಾಕಿಗಳಿಗೆ ಫೋನ್ ಮಾಡುವುದು ಅವಳ ಪದ್ಧತಿ. ಕಟ್ ಮಾಡಹೋದ ಬೆರಳು ಬೆವರಿಗೆ ಜಾರಿ ಹಸಿರು ಗುಂಡಿಯ ಮೇಲೇ ಬಿತ್ತು.

"ನಾಗೇಶಣ್ಣೋ! ತೋಳುದ್ದ ಇಸವಾಣ ಬಂದದೆ! ಬೇಗ ಬರ್ರಿ, ಆಮೇಲೆ ತಲೆ ಸುದ್ದಾ ಸಿಗೂದಿಲ್ಲ!"

ಶ್ರುತಿ ಸತ್ತಿತು. ಇಡೀ ಕಡಲತೀರಕ್ಕೆ ಇಸವಾಣ ಮೀನಿನ ಸುದ್ದಿ ಪ್ರಸಾರವಾಯಿತು! ಸರ್ಕಸ್ಸಿನಲ್ಲಿ ಹಗ್ಗದ ಮೇಲೆ ನಡೆಯುತ್ತಿದ್ದವಳು ಅರ್ಧದಲ್ಲೇ ನಿಂತಳು. ಗೋಷ್ಠಿಯ ಕವಿಯೊಬ್ಬರು ಕವನ ಬಿಟ್ಟು ಮೈಕಿನಲ್ಲೇ, "ಕೇಜಿಗೆ ಎಷ್ಟಂತೆ?" ಎಂದರು. ನಮ್ಮೆದುರು ಜಮಖಾನದ ಮೇಲೆ ಕೂತಿದ್ದವರು ಎದ್ದು ಚಪ್ಪಲಿ ಹುಡುಕತೊಡಗಿದರು. ನಾನು ಗಾಬರಿಯಲ್ಲಿ ವಯರು ಎಳೆದೆ. ವಯರೂ ಕಳಚಲಿಲ್ಲ, ಫೋನೂ ಕಟ್ಟಾಗಲಿಲ್ಲ, ಹೂಕುಂಡ ಉರುಳಿತು. ಕುಂಡ ತಬಲಾದವರ ಕಾಲ ಮೇಲೆ ಬಿತ್ತು. ಅವರು ಯಾವ ತಾಳಕ್ಕೂ ಸೇರದ ಒಂದು ಬೋಲ್ ಹೊರಡಿಸಿದರು!

ಪ್ರೀತಿಯ ಮುಖ ನೋಡಿದೆ. ತುಟಿ ನಡುಗುತ್ತಿತ್ತು.

ಅವಳು ಒಂದು ಗುಟುಕು ನೀರು ಕುಡಿದಳು. ಮೈಕು ಹತ್ತಿರ ಎಳೆದುಕೊಂಡು, ತರಗತಿಯ ದನಿಯಲ್ಲಿ ಹೇಳಿದಳು: "ಸೋಮಿ, ನಿನ್ನ ಗಿರಾಕಿಗಳೆಲ್ಲಾ ಇಲ್ಲೇ ಇದ್ದಾರೆ. ನನ್ನ ಹಾಡು ಮುಗಿಯೂವರೆಗೆ ಒಂದು ಮೀನೂ ಮಾರ್ಬೇಡ. ಈಗ ಎಲ್ಲಾರೂ ಕೂತ್ಕಳ್ಳಿ!"

"ಆಯ್ತು ಅಕ್ಕೋರೆ! ನೀವು ಹಾಡಿ, ನಾನೂ ಕೇಳ್ತೆ," ಎಂದಿತು ಸೌಂಡ್ ಬಾಕ್ಸು.

ಎದ್ದವರು ಕೂತರು. ಪ್ರೀತಿ ಹಾಡಿದಳು, ತಂಬೂರಿಯ ಹಂಗಿಲ್ಲದೆ, ನನ್ನ ಹಂಗೂ ಇಲ್ಲದೆ. ಒಂದೇ ಮನೆಯಲ್ಲಿದ್ದೂ ಈ ದನಿಯನ್ನು ನಾನು ಕೇಳಿಯೇ ಇರಲಿಲ್ಲವಲ್ಲ! ಸುಳ್ಳೇಕೆ, ಅತ್ತುಬಿಟ್ಟೆ.

ಹಾಡು ಮುಗಿದು ಚಪ್ಪಾಳೆ ಬಿತ್ತು. ಅದರಲ್ಲಿ ನನ್ನದೂ ಒಂದು ಪಾಲಿರಬಹುದೆಂದು ಎದ್ದು ಕೈಮುಗಿದೆ. ಸೌಂಡ್ ಬಾಕ್ಸು ಮತ್ತೆ ಗುಡುಗಿತು:

"ಭಾರೀ ಚಲೋ ಹಾಡಿದ್ರಿ ಅಕ್ಕೋರೆ! ಆ ನಾಗೇಶಣ್ಣ ಅಲ್ಲಿ ಸುಮ್ನೆ ಕೂತಿದ್ರೆ ಚೀಲ ಕೊಟ್ಟು ಈಚೆ ಕಳ್ಸಿ!"

ಸರ್ಕಸ್ಸಿನ ಜೋಕರನೇ ಚೀಲ ಹಿಡಿದು ಓಡಿಬಂದ. ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ಆಮೇಲೆ ತನ್ನ ಕೆಂಪು ಮೂಗನ್ನು ಕಿತ್ತು, ಗೌರವದಿಂದ ನನಗೇ ತೊಡಿಸಿದ!