ಹದಿನೆಂಟು ತುಂಬಿದವರಿಗೊಂದು ರೂಮು

ನಮ್ಮ ಕೆಲಸದಲ್ಲಿ ಗಂಭೀರವಾಗಿರಬೇಕು ಎಂದು ನಾನು ಎಷ್ಟು ಸಲ ತೀರ್ಮಾನ ಮಾಡಿದ್ದೇನೋ, ಅಷ್ಟೇ ಸಲ ಯಾರೋ ಒಬ್ಬರು ಫೋನು ಮಾಡಿ ಅದನ್ನು ಕೆಡಿಸಿದ್ದಾರೆ. ಕೆಲಸವೇನೋ ಗಂಭೀರದ್ದೇ. ಬಾಲಮಂದಿರದಲ್ಲಿ ಬೆಳೆದ ಮಕ್ಕಳು ಹದಿನೆಂಟು ತುಂಬಿದ ಮೇಲೆ ಅಲ್ಲಿಂದ ಹೊರಡಬೇಕು. ಬ್ಯಾಗು ಹಿಡಿದು ಗೇಟಿನ ಹೊರಗೆ ನಿಂತರೆ ಹೋಗಲು ಮನೆ ಇಲ್ಲ. ಅವರು ಬಸ್‌ಸ್ಟ್ಯಾಂಡಿನ ಪಾಲಾಗಬಾರದು ಎಂದು ಹಾನಗಲ್, ಶಿಗ್ಗಾಂವ, ಸವಣೂರು, ಹಿರೇಕೆರೂರು ಸುತ್ತಿ ರೂಮು ಹುಡುಕುವುದು, ಕೆಲಸಕ್ಕೆ ಹಚ್ಚುವುದು, ಒಂದೆರಡು ವರ್ಷ ಬೆನ್ನಿಗೆ ನಿಲ್ಲುವುದು ನನ್ನ ಕೆಲಸ. ಅವರಿಗೆಲ್ಲ ನಾನು ಅಕ್ಕ. ಈಗೀಗ ಬಸ್ಸಿನ ಕಂಡಕ್ಟರುಗಳಿಗೂ.

ನೆಂಟರು ಬರಬಾರದು

ಹಾನಗಲ್ಲಿನಲ್ಲಿ ಹೊಲಿಗೆ ಅಂಗಡಿಗೆ ಸೇರಿದ ಒಬ್ಬಳು ಹುಡುಗಿಗೆ ರೂಮು ಬೇಕಾಗಿತ್ತು. ಸಿಕ್ಕ ಮನೆಯ ಒಡತಿ ಒಬ್ಬ ಅಜ್ಜಿ. ಬಾಗಿಲಲ್ಲೇ ನಿಲ್ಲಿಸಿ ಕಂಡೀಷನ್ ಹೇಳಿದಳು.

"ನೀರು ಹಿಡಿಯೂದು ಬೆಳಿಗ್ಗೆ ಒಮ್ಮೆ. ಗ್ವಾಡಿಗೆ ಮೊಳಿ ಬಡಿಯಂಗಿಲ್ಲ. ಮುಖ್ಯ ಅಂದ್ರ ನೆಂಟರು ಬರಂಗಿಲ್ಲ. ಹಿಂದಿನಾಕಿ ನೆಂಟರು ಬಂದು ಬಂದು ನನ್ನ ಜೋಕಾಲಿ ಹರಿದು ಹೋತು."

ಹುಡುಗಿ, "ಅಜ್ಜಿ, ನನಗ ನೆಂಟರ ಇಲ್ಲ" ಅಂದಳು.

"ಒಬ್ಬರೂ?"

"ಒಬ್ಬರೂ."

ಬೇರೆ ಮನೆಗಳಲ್ಲಿ ಈ ಮಾತಿಗೇ ಬಾಗಿಲು ಹಾಕಿದ್ದರು. ಅಜ್ಜಿ ಸೊಂಟದಿಂದ ಕೀಲಿಕೈ ಬಿಚ್ಚಿ ಕೊಟ್ಟೇಬಿಟ್ಟಳು.

ಹದಿನೈದು ದಿನ ಕಳೆದ ಮೇಲೆ ಹುಡುಗಿಯ ಫೋನು ಬಂತು. ಅಜ್ಜಿ ಬೆಳಿಗ್ಗೆ ಚಹಾಕ್ಕೆ ಬರುತ್ತಾಳೆ, ಸಂಜೆ ಮಂಡಕ್ಕಿ ತಿನ್ನಲು ಬರುತ್ತಾಳೆ, ರವಿವಾರ ತನ್ನ ತಂಗಿಯನ್ನೂ ಕರೆದುಕೊಂಡು ಬರುತ್ತಾಳೆ. "ಅಕ್ಕಾ, ನೆಂಟರು ಬರಬಾರದು ಅಂತ ಮನಿ ಮಾಲಕರಿಗೆ ನಾವು ಕಂಡೀಷನ್ ಹಾಕಬಹುದೇನು?"

ಹನ್ನೊಂದು ಕಾಳು ಸಾಸಿವೆ

ಸವಣೂರಿನಲ್ಲಿ ರೂಮು ಹಿಡಿದ ಹುಡುಗ ಅಡುಗೆಯಲ್ಲಿ ಗಟ್ಟಿಗ. ಬಾಲಮಂದಿರದಲ್ಲಿದ್ದಾಗ ಅಡುಗೆಮನೆಯಲ್ಲಿ ಕೈಜೋಡಿಸುತ್ತಿದ್ದವನು. ಅವನ ಊಟದ ಚಿಂತೆ ಇಲ್ಲ ಎಂದು ನಾನು ನಿಶ್ಚಿಂತಳಾಗಿದ್ದೆ. ಮೊದಲ ದಿನವೇ ಫೋನು.

"ಅಕ್ಕಾ, ನನಗ ಬರೂದು ಅರವತ್ತು ಮಂದಿ ಉಪ್ಪಿಟ್ಟು. ಒಬ್ಬಗ ಹೆಂಗ ಮಾಡೂದು?"

"ಎಲ್ಲಾ ಕಡಿಮಿ ಹಾಕೋ."

"ಎಷ್ಟ ಕಡಿಮಿ? ಮೊಬೈಲಿನ್ಯಾಗ ಅರವತ್ತರಿಂದ ಭಾಗಾಕಾರ ಮಾಡೇನಿ. ಸಾಸಿವಿ ಹನ್ನೊಂದು ಕಾಳು ಬಂತು, ಎಣಿಸಿ ಹಾಕಿದೆ."

ನಾನು ನಗು ತಡೆದುಕೊಂಡು, "ಮತ್ತ ಏನ ತ್ರಾಸು?" ಎಂದೆ.

"ಮೆಣಸಿನಕಾಯಿ ಮುಕ್ಕಾಲು ಬಂದೈತಿ. ಕಾಲು ಮೆಣಸಿನಕಾಯಿ ಕೈಯಾಗ ಹಿಡಕೊಂಡು ನಿಂತೇನಿ."

ಹಾಕಿಬಿಡು ಎಂದೆ. ಅರ್ಧ ತಾಸಿಗೆ ಮತ್ತೆ ಫೋನು. ಉಪ್ಪಿಟ್ಟು ಛಲೋ ಆಗಿದೆಯಂತೆ. ಆದರೆ ರೂಢಿ ತಪ್ಪದೆ, ಊಟ ತಯಾರಾಯಿತು ಎಂದು ಚಮಚದಿಂದ ತಾಟು ಬಡಿದನಂತೆ. ಪಕ್ಕದ ಮನೆಯ ಮೂರು ಮಕ್ಕಳು ತಾಟು ಹಿಡಿದು ಬಂದು ಬಾಗಿಲಲ್ಲಿ ನಿಂತಿವೆಯಂತೆ. "ಅಕ್ಕಾ, ಈಗ ನಾಕರಿಂದ ಗುಣಾಕಾರ ಮಾಡ್ಲೇನು?"

ಸಂಬಂಧ

ರೂಮು ಸಿಕ್ಕರೆ ಸಾಲದು, ಕಾಗದಪತ್ರವೂ ಬೇಕು. ಪಡಿತರ ಚೀಟಿಗೆ ಅರ್ಜಿ ಹಾಕಲು ಶಿಗ್ಗಾಂವದ ಆನ್‌ಲೈನ್ ಅಂಗಡಿಯೊಂದಕ್ಕೆ ಇನ್ನೊಬ್ಬ ಹುಡುಗಿಯನ್ನು ಕರೆದುಕೊಂಡು ಹೋಗಿದ್ದೆ. ಅಂಗಡಿಯವನು ಕಂಪ್ಯೂಟರಿನಿಂದ ಕಣ್ಣು ಎತ್ತದೆ ಕೇಳಿದ.

"ಕುಟುಂಬದ ಯಜಮಾನಿ ಯಾರು?"

"ನಾನರಿ."

"ಸದಸ್ಯರು?"

"ನಾನ."

"ಇಬ್ಬರೂ ನೀನ? ಹಂಗಾದ್ರ ಯಜಮಾನಿಗೂ ಸದಸ್ಯಳಿಗೂ ಏನ ಸಂಬಂಧ ಅಂತ ಬರೀಲಿ?"

ಹುಡುಗಿ ಸ್ವಲ್ಪ ವಿಚಾರ ಮಾಡಿ ಅಂದಳು: "ಛಲೋ ಐತ್ರಿ. ಜಗಳಾಡಂಗಿಲ್ಲ."

ಗಾಳಿ, ಬೆಳಕು

ಹಿರೇಕೆರೂರಿನ ಟ್ರ್ಯಾಕ್ಟರ್ ಗ್ಯಾರೇಜಿನಲ್ಲಿ ಕೆಲಸಕ್ಕೆ ಸೇರಿದ ಹುಡುಗನಿಗೆ ಮೂರು ಮನೆಯವರು ರೂಮು ಇಲ್ಲವೆಂದಿದ್ದರು. ಎಲ್ಲರದೂ ಒಂದೇ ಪ್ರಶ್ನೆ: ಹಿಂದೆ ಮುಂದೆ ಯಾರಿದ್ದಾರೆ? ಗ್ಯಾರೇಜಿನ ಒಂದು ಮೂಲೆಯಲ್ಲಿ ಮಲಗುತ್ತಿದ್ದ. ಅದನ್ನೂ ತಿಂಗಳೊಳಗೆ ಬಿಡಬೇಕಿತ್ತು. ನಾಲ್ಕನೆಯ ಮನೆಗಾದರೂ ಹೂಂ ಅನ್ನಿಸಬೇಕೆಂದು, ಇಸ್ತ್ರಿ ಅಂಗಿ ಹಾಕಿಸಿ, ತಲೆ ಬಾಚಿಸಿ ಕರೆದುಕೊಂಡು ಹೋದೆ. ಓಣಿಯ ಕೊನೆಯ ಮಾಳಿಗೆ ಮನೆ ಎಂದು ಮಧ್ಯಸ್ಥರೊಬ್ಬರು ಹೇಳಿದ್ದರು. ಓಣಿಯ ಕೊನೆಯಲ್ಲಿ ಮಾಳಿಗೆ ಮನೆ ಎರಡಿದ್ದವು. ಬಾಗಿಲು ತೆರೆದಿದ್ದ ಮನೆಗೆ ಹೋದೆವು.

"ಬರ್ರಿ, ಬರ್ರಿ! ನಿಮ್ಮ ದಾರೀನ ನೋಡಾಕತ್ತಿದ್ವಿ" ಎಂದು ಯಜಮಾನರು ಎದ್ದು ಬಂದರು. ನೀರು ಬಂತು, ಶಿರಾ ಬಂತು, ಉಪ್ಪಿಟ್ಟು ಬಂತು. ಇಂಥ ಮನೆ ಮಾಲಕರನ್ನು ನಾನು ನಾಲ್ಕೂ ತಾಲೂಕಿನಲ್ಲಿ ಕಂಡಿರಲಿಲ್ಲ.

"ಇಬ್ಬರ ಬಂದೀರಲ್ಲ?"

"ಇವಗ ಹಿಂದ ಮುಂದ ಯಾರೂ ಇಲ್ರಿ. ನಾನ ಅಕ್ಕ ಇದ್ದಂಗ."

ಯಜಮಾನರು ಹುಡುಗನನ್ನು ದಿಟ್ಟಿಸಿದರು. "ಮಧ್ಯಸ್ಥರು ಇದನ್ನ ಹೇಳಿರಲಿಲ್ಲ. ಇರ್ಲಿ ಬಿಡ್ರಿ, ಹುಡುಗ ಛಲೋ ಇದ್ರ ಸಾಕು. ಕುಡಿಯೂದು ಗಿಡಿಯೂದು?"

"ಚಹಾನೂ ಅರ್ಧ ಕಪ್ಪರಿ."

ನನಗೆ ಕಣ್ಣು ತುಂಬಿ ಬಂದವು. ಅಂತೂ ಒಬ್ಬ ಮನುಷ್ಯ ಸಿಕ್ಕ. ಅವರು ಖುಷಿಯಿಂದ, "ಹಂಗಾದ್ರ ನೋಡಿ ಬಿಡ್ರಿ" ಎಂದರು.

"ನೋಡೋಣ್ರಿ. ಗಾಳಿ, ಬೆಳಕು ಛಲೋ ಐತಿಲ್ರಿ?"

"ಏನಂದ್ರಿ?"

"ಅಲ್ಲ, ಮೊದಲ ಇದ್ದವರು ಯಾಕ ಬಿಟ್ಟು ಹೋದ್ರು?"

ಒಳಗೆ ಪಾತ್ರೆಯ ಸಪ್ಪಳ ನಿಂತಿತು. "ಮೊದಲ ಯಾರೂ ಇರಲಿಲ್ರಿ!" ಎಂದು ಯಜಮಾನರು ಕುರ್ಚಿಯ ತುದಿಗೆ ಬಂದರು.

"ಹೊಸಾದು ಅಂದ್ರ ಇನ್ನೂ ಛಲೋ ಆತು. ಸದ್ಯ ಹನ್ನೊಂದು ತಿಂಗಳಿಗೆ ಕರಾರು ಮಾಡೋಣ್ರಿ. ಹೊಂದಿಕಿ ಆದ್ರ ಮುಂದುವರಸೋಣು, ಇಲ್ಲಂದ್ರ ಹುಡುಗ ಖಾಲಿ ಮಾಡ್ತಾನ."

ಅದೇ ಹೊತ್ತಿಗೆ ರೇಷ್ಮೆ ಸೀರೆ ಉಟ್ಟು, ಹೂ ಮುಡಿದ ಹುಡುಗಿಯೊಬ್ಬಳು ಚಹಾದ ತಾಟು ಹಿಡಿದು ಹೊರಗೆ ಬಂದಳು. ಹುಡುಗ ನನ್ನ ಮುಖ ನೋಡಿದ. ನಾನು ಇಷ್ಟೊತ್ತು ಆಡಿದ ಮಾತುಗಳು ಒಂದೊಂದಾಗಿ ನನ್ನ ಕಿವಿಗೇ ಕೇಳಿಸತೊಡಗಿದವು. ಎದ್ದು ನಿಂತು ಕೈ ಮುಗಿದೆ.

"ತಪ್ಪಾತ್ರಿ. ನಾವು ರೂಮ್ ನೋಡಾಕ ಬಂದವರು."

ಮೊದಲು ನಕ್ಕದ್ದು ಆ ಹುಡುಗಿ. ತಾಟಿನ ಕಪ್ಪುಗಳೆಲ್ಲ ಗಲಗಲ ಎಂದವು. ಆಮೇಲೆ ಯಜಮಾನರು ನಗತೊಡಗಿದರೆ ಧೋತರದ ಚುಂಗಿನಿಂದ ಕಣ್ಣು ಒರೆಸಿಕೊಳ್ಳಬೇಕಾಯಿತು. ನಕ್ಕು ಸಾಕಾದ ಮೇಲೆ ಹುಡುಗನ ಕೈ ಹಿಡಿದು ತಾವೇ ಪಕ್ಕದ ಮನೆಗೆ ಕರೆದುಕೊಂಡು ಹೋದರು. ಅಲ್ಲಿಯ ಮಾಲಕ ಹಿಂದೆ ಮುಂದೆ ಕೇಳಲು ಬಾಯಿ ತೆರೆದ ಕೂಡಲೇ ಜಬರಿಸಿದರು: "ಮಗಳನ್ನ ಕೊಡಾಕ ತಯಾರ ಆಗಿದ್ನಿ ನಾನು. ನಿನಗ ಒಂದು ರೂಮ್ ಕೊಡಾಕ ಏನ ಧಾಡಿ?"

ರೂಮು ಸಿಕ್ಕಿತು. ಆ ಹುಡುಗಿಗೂ ನಿಜವಾದ ವರನ ಜೊತೆ ಮದುವೆ ಗೊತ್ತಾಯಿತು. ನಮ್ಮವನನ್ನು ಹೆಣ್ಣಿನ ಕಡೆಯವನೆಂದೇ ಕರೆದು, ಹೊಸ ಅಂಗಿ ಕೊಟ್ಟು, ಬೀಗರನ್ನು ಎದುರುಗೊಳ್ಳಲು ಬಾಗಿಲಲ್ಲಿ ನಿಲ್ಲಿಸಿದ್ದರು. ಹುಟ್ಟಿದಾಗಿನಿಂದ ಯಾವ ಮದುವೆಯಲ್ಲೂ ಅವನಿಗೆ ಒಂದು ಕಡೆ ಅಂತ ಇರಲಿಲ್ಲ. ಎದೆ ಉಬ್ಬಿಸಿಕೊಂಡು ಪನ್ನೀರು ಚಿಮುಕಿಸುತ್ತಿದ್ದ.

ವರ ಅವನ ಓಡಾಟ ನೋಡಿ, "ನೀವು ಹುಡುಗಿಗೆ ಏನಾಗಬೇಕ್ರಿ?" ಎಂದು ಕೇಳಿದ.

ನಮ್ಮವನು ಕೈ ಮುಗಿದು, ಬಹಳ ವಿನಯದಿಂದ ಹೇಳಿದ: "ನಿಮಗಿಂತ ಮೊದಲ ನೋಡಾಕ ಬಂದಾವ ನಾನರಿ."