ಮಕ್ಕಳ ಕೋಣೆಯ ನೆಲ ಕೊರೆಯಹೊರಟ ಸಾಹೇಬರ ಸನ್ನಿಧಿಗೆ

ಮಾನ್ಯರೇ,

ಈ ಕಚೇರಿ ಕಟ್ಟಡದ ಉಸ್ತುವಾರಿ ಅಧಿಕಾರಿಗಳಾದ ತಮಗೆ, ಇಲ್ಲಿನ ನೌಕರರ ಮಕ್ಕಳನ್ನು ನೋಡಿಕೊಳ್ಳುವ ಆಯಾ ಸಾಷ್ಟಾಂಗ ಎರಗಬೇಕೆಂದಿದ್ದಳು. ಆದರೆ ನಮ್ಮ ಕೋಣೆಯ ನೆಲಕ್ಕೆ ಮೂಗು ತಾಗಿಸುವುದು ಸದ್ಯಕ್ಕೆ ಕ್ಷೇಮವಲ್ಲದ ಕಾರಣ, ನಿಂತಲ್ಲಿಂದಲೇ ಕೈಮುಗಿದಿದ್ದಾಳೆ, ಮನ್ನಿಸಬೇಕು.

ನೆಲದ ಹಳೆಯ ಬಿಲ್ಲೆಗಳಲ್ಲಿ ಕಲ್ನಾರು, ಅಂದರೆ ಆಸ್ಬೆಸ್ಟಾಸ್, ಬೆರೆತಿದೆ ಎಂಬ ಜ್ಞಾನವನ್ನು ಕಳೆದ ವರ್ಷ ನಮ್ಮ ಬಾಗಿಲಿಗೆ ಅಂಟಿಸಿದವರು ತಾವೇ. ಸುಮ್ಮನೆ ಬಿಟ್ಟರೆ ಅದು ಸಾಧು ಪ್ರಾಣಿ, ಕೊರೆದರೆ, ಒಡೆದರೆ, ಉಜ್ಜಿದರೆ ಏಳುವ ಧೂಳು ಮಾತ್ರ ಕಣ್ಣಿಗೆ ಕಾಣದೆ ಎದೆಯೊಳಗೆ ಹೊಕ್ಕು, ಜಗಳಗಂಟ ಬಾಡಿಗೆದಾರನಂತೆ ಮತ್ತೆ ಖಾಲಿ ಮಾಡುವುದಿಲ್ಲ ಎಂಬುದು ಆ ಸೂಚನಾಪತ್ರದ ಸಾರಾಂಶ. ತಮ್ಮ ಮಾತಿಗೆ ಬೆಲೆ ಕೊಟ್ಟು ನಾನೂ ಅಡುಗೆಯಾಕೆಯೂ ಆಟದ ಸಾಮಾನಿನ ಕಪಾಟನ್ನು ಎಳೆಯದೆ ಎತ್ತಿ ಇಟ್ಟೆವು. ಆಕೆಯ ಸೊಂಟ ಇಂದಿಗೂ ತಮ್ಮನ್ನು ನೆನೆಯುತ್ತಿದೆ.

ಹೀಗಿರುವಾಗ ತಮ್ಮ ಕೋಣೆಗೆ ಎ.ಸಿ. ಬಂತು. ಅದರ ಕೇಬಲ್ ಗೋಡೆಯ ಮೇಲೆ, ವೈರು ಮುಚ್ಚುವ ಪ್ಲಾಸ್ಟಿಕ್ ಕೇಸಿಂಗ್ ಪಟ್ಟಿಯೊಳಗೆ ಹೋದರೆ "ಹೊಟ್ಟೆ ಸೀಳಿ ಕರುಳು ಹೊರಗೆ ಹಾಕಿದ ಹಾಗೆ ಕಾಣುತ್ತೆ" ಎಂದು ತಾವು ಅಪ್ಪಣೆ ಕೊಡಿಸಿ, ಮೀಟರ್ ಬೋರ್ಡಿನಿಂದ ಹತ್ತಿರದ ದಾರಿಯೆಂದು ಮಕ್ಕಳ ಕೋಣೆಯ ನೆಲದ ಮೇಲೆ ಸೀಮೆಸುಣ್ಣದ ಗೆರೆ ಎಳೆದಿರಿ. ವೈರಿಂಗ್ ಮೇಸ್ತ್ರಿಗೆ ಎರಡೂ ಒಂದೇ. "ಸಾಹೇಬ್ರು ಕೊರೆ ಅಂದ್ರೆ ಕೊರೀತೀನಿ, ಬೇಡ ಅಂದ್ರೆ ಟೀ ಕುಡೀತೀನಿ" ಎಂದ. ಬಿಲ್ಲೆ ಎಷ್ಟು ಗಟ್ಟಿ ನೋಡೋಣವೆಂದು ತಾವೇ ಸುತ್ತಿಗೆಯಿಂದ ಒಂದೇಟು ಹಾಕಿದಿರಿ. ಅದರ ಮೂಲೆ ಚಕ್ಕೆಯೆದ್ದಿತು.

ಆಗ ಮಕ್ಕಳು ಊಟ ಮುಗಿಸಿ ಚಾಪೆ ಹಾಸುತ್ತಿದ್ದರು. ನಾನು ಎಲ್ಲರನ್ನೂ ಬಾಚಿಕೊಂಡು ಹಜಾರಕ್ಕೆ ದಾಟಿಸಿ, ಒಡೆದ ಮೂಲೆಯ ಮೇಲೆ ಒದ್ದೆ ಬಟ್ಟೆ ಹಾಕಿ, ಬಾಗಿಲ ಮೇಲಿನ ಆ ಸೂಚನಾಪತ್ರವನ್ನು ತಮಗೆ ತೋರಿಸಿ, "ಸಾರ್, ಇದೆಲ್ಲ ನೀವೇ ಬರೆಸಿದ್ದಲ್ವಾ?" ಎಂದೆ. "ಬರೆಸಿದ್ದು ನಿಮಗೆ ಕಣಮ್ಮ. ಬೇಕಿದ್ರೆ ಕಿಟಕಿ ತೆಗೆದಿಡಿ" ಎಂದಿರಿ. ಎಂಥ ಉದಾರತೆ. ಇನ್ನೂ ಒಂದು ಉಪಕಾರ ಮಾಡಿ, ಧೂಳಿಗೆ ಕಚೇರಿ ಅವಧಿಯಲ್ಲಿ ಮೇಲೇಳದಂತೆ ಒಂದು ಆದೇಶ ಹೊರಡಿಸಿದ್ದರೆ, ಇಲ್ಲವೇ ಕೂಸುಗಳಿಗೆ ಬರೀ ಉಸಿರು ಬಿಡುವ, ಎಳೆದುಕೊಳ್ಳದ ತರಬೇತಿ ಕೊಡಿಸಿದ್ದರೆ ನಾನು ಬಾಯಿ ಮುಚ್ಚಿಕೊಂಡಿರುತ್ತಿದ್ದೆ.

ಮೇಸ್ತ್ರಿ ಡ್ರಿಲ್ ಎತ್ತಿದ. ತಾವು ಬಾಗಿಲಾಚೆ ಸರಿದು, ಜೇಬಿನಿಂದ ಹೊಚ್ಚಹೊಸ ಮಾಸ್ಕ್ ತೆಗೆದು ಮೂಗಿಗೆ ಬಿಗಿದು, ಶುರುಮಾಡು ಎಂದು ಕೈಸನ್ನೆ ಮಾಡಿದಿರಿ. ತಮ್ಮ ಮುಖವನ್ನೂ ತನ್ನ ಬರಿಮೂಗನ್ನೂ ತೂಗಿ ನೋಡಿದವನಂತೆ ಆತ ಡ್ರಿಲ್ ಕೆಳಗಿಟ್ಟ. "ಸಾಹೇಬ್ರೇ, ನನಗೂ ಎರಡು ಮಕ್ಕಳಿದಾವೆ. ನಾನು ಗೋಡೆ ಮೇಲೇ ಹಾಕ್ತೀನಿ" ಎಂದ. ನಾನು ಅರ್ಧ ಗಂಟೆ ಗಂಟಲು ಹರಿದುಕೊಂಡರೂ ಆಗದ ಕೆಲಸವನ್ನು ತಮ್ಮ ಮಾಸ್ಕ್ ಮಾತಿಲ್ಲದೆ ಮಾಡಿತು. ಕಲ್ನಾರಿಲ್ಲದ ಗಾರೆಯ ಗೋಡೆಯ ಮೇಲೆ, ಬಾಗಿಲ ಚೌಕಟ್ಟಿನ ಮೇಲಿಂದ ಹಾಯಿಸಿ, ಸಂಜೆಯೊಳಗೆ ಆತ ಕೇಬಲ್ ಮುಟ್ಟಿಸಿದ. ತಮ್ಮ ಸುತ್ತಿಗೆಯೇಟು ಬಿಟ್ಟರೆ ನೆಲಕ್ಕೆ ಮತ್ತೊಂದು ಗೀರೂ ಬೀಳಲಿಲ್ಲ.

ಮರುದಿನದ ಸಭೆಯಲ್ಲಿ, ಮಕ್ಕಳ ಹಿತಕ್ಕಾಗಿ ತಾವೇ ದಾರಿ ಬದಲಿಸಿದಿರೆಂದು ತಮ್ಮ ಬಾಯಿಂದಲೇ ಕೇಳಿ ಚಪ್ಪಾಳೆ ತಟ್ಟಿದವರಲ್ಲಿ ನಾನೂ ಒಬ್ಬಳು. ಆ ಕೀರ್ತಿ ಪೂರ್ತಿ ತಮಗೇ ಇರಲಿ. ನನಗೆ ಬೇಕಾಗಿರುವುದು ಇಷ್ಟೇ: ಆ ಒಡೆದ ಬಿಲ್ಲೆಯನ್ನು ಕೆಲಸ ಬಲ್ಲವರಿಂದ ಮುಚ್ಚಿಸಿ, ಕೋಣೆ ಶುದ್ಧವಾಗಿದೆಯೆಂದು ಪರೀಕ್ಷೆ ಮಾಡಿಸಿ. ಅಲ್ಲಿಯವರೆಗೆ ಬಾಗಿಲಿಗೆ ನಾನೇ ಬೀಗ ಜಡಿದಿದ್ದೇನೆ. ಮಕ್ಕಳು ಹಜಾರದಲ್ಲಿ, ಬೂಟುಗಳ ಸದ್ದಿನ ನಡುವೆ ಮಲಗುತ್ತಿದ್ದಾರೆ. ಎಲ್ಲರಿಗಿಂತ ಚಿಕ್ಕವಳು ನಿದ್ದೆಯಲ್ಲೇ ಬೆಚ್ಚಿ ನನ್ನ ಸೆರಗು ಹಿಡಿದುಕೊಳ್ಳುತ್ತಾಳೆ.

ತಣ್ಣನೆಯ ಕೋಣೆಯಲ್ಲಿ ಬೆಚ್ಚನೆಯ ಉತ್ತರ ಬರೆಯುವಿರೆಂದು ನಂಬಿರುವ,

ತಮ್ಮ ವಿಶ್ವಾಸಿ,
ಮಕ್ಕಳ ಕೋಣೆಯ ಆಯಾ

ಮರೆತ ಮಾತು: ತಮ್ಮ ಕೋಣೆಯ ಜಮಖಾನೆಯಡಿ ಇರುವುದೂ ಇದೇ ಬಿಲ್ಲೆಗಳೆಂದು ಮೇಸ್ತ್ರಿ ಹೇಳಿದ. ನಡೆದಾಡಲು ಅಡ್ಡಿಯಿಲ್ಲವಂತೆ; ಈ ಪತ್ರ ಓದಿ ಕಾಲು ಅಪ್ಪಳಿಸಬೇಡಿ.